ಸಹಾಯ ಬೇಕು: ಅವ್ವನ ಇನ್ಸುಲಿನ್ ಲಂಡನ್ ತನಕ ತಂಪಾಗಿ ಹ್ಯಾಂಗ ಒಯ್ಯೋದು?

ಎಲ್ಲರಿಗೂ ಶರಣು. ಮೇ ತಿಂಗಳಾಗ ಅವ್ವನ್ನ ಕರ್ಕೊಂಡು ಲಂಡನ್‌ಗೆ ಅಣ್ಣನ ಮನಿಗೆ ಮೂರು ವಾರ ಹೊಂಟೀನಿ. ಅವ್ವಗ 14 ವರ್ಷದಿಂದ ಸಕ್ಕರಿ ಬ್ಯಾನಿ. ರಾತ್ರಿ 9ಕ್ಕ ಗ್ಲಾರ್ಜಿನ್ ಅನ್ನೋ ಇನ್ಸುಲಿನ್, ಊಟಕ್ಕ ಮೊದಲ ಇನ್ನೊಂದು ಇನ್ಸುಲಿನ್ ಪೆನ್ (ಪೆನ್ನಿನಂಗ ಇರೋ ಚುಚ್ಚುಮದ್ದು).

ವಿಮಾನದ ಚಿಂತಿ ಅಷ್ಟಿಲ್ಲ. ಇನ್ಸುಲಿನ್ ದೊಡ್ಡ ಲಗೇಜಿನಾಗ ಹಾಕಬಾರದು, ಹೆಪ್ಪುಗಟ್ಟಿದ್ರ ಕೆಡ್ತದ ಅನ್ನೋದು ಗೊತ್ತದ. ಡಾಕ್ಟರ್ ಪತ್ರ, ಬೇಕಾದ್ದಕ್ಕಿಂತ ಎರಡು ಪಟ್ಟು ಸೂಜಿ, ಸಕ್ಕರಿ ನೋಡೋ ಸ್ಟ್ರಿಪ್, ಗ್ಲುಕೋಸ್ ಪುಡಿ ಎಲ್ಲಾ ಕೈಚೀಲದಾಗೇ ಇಡ್ತೀನಿ. ಅಂಜಿಕಿ ಇರೋದು ಕಲಬುರಗಿಯಿಂದ ಹೈದರಾಬಾದಿನ ತನಕ. ನಮ್ಮ ಮೇ ತಿಂಗಳ ಬಿಸಿಲು ನಿಮಗೇ ಗೊತ್ತು, ವಾಡಿ, ತಾಂಡೂರು ದಾಟೋತನಕ ಟ್ರೇನ್ ಡಬ್ಬಿ ಕಾದ ಹಂಚು. ತೆರೆಯದ ಪೆನ್ನಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಹೋದ ವರ್ಷ ತುಳಜಾಪುರಕ್ಕ ಹೋದಾಗ ಪೆನ್ ಕಾರಿನಾಗ ಉಳೀತು. ಅದನ್ನ ಚುಚ್ಚಿದ ಮ್ಯಾಲ ಎರಡು ದಿನ ಸಕ್ಕರಿ 300ರ ಕೆಳಗ ಇಳೀಲಿಲ್ಲ. ಅವ್ವ ರಾತ್ರಿಪೂರ್ತಿ ನೀರು ಕೇಳಿದ್ದು ಇನ್ನೂ ಕಣ್ಣಾಗ ಅದ.

ನೀರಾಗ ನೆನಸಿ ಬಳಸೋ ತಂಪಿನ ಚೀಲ ಯಾರರೆ ಬಳಸೀರೇನ್ರಿ? ಅಂಥಾ ಬಿಸಿಲಿಗೆ ಅದು ಸಾಕಾಗ್ತದೇನು, ಇಲ್ಲಾ ಐಸ್ ಪ್ಯಾಕ್ ಇರೋ ಡಬ್ಬಿನೇ ಬೇಕೇನು? ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಎಲ್ಲರೆ ಸಿಗ್ತದೇನು? ಐಸ್ ಕರಗಿದ್ರ ತಪಾಸಣಿಯೊಳಗ ಬಿಡ್ತಾರೇನು?

ಇನ್ನೊಂದು, ಲಂಡನ್ ಬೇಸಿಗ್ಯಾಗ ನಮಗಿಂತ ನಾಲ್ಕೂವರೆ ತಾಸು ಹಿಂದ. ರಾತ್ರಿ ಡೋಸಿನ ವ್ಯಾಳ್ಯಾ ಡಾಕ್ಟರ್ ಹತ್ರಾನೇ ಬರಿಸ್ಕೋತೀನಿ, ಆದ್ರ ವಯಸ್ಸಾದವರನ್ನ ಕರ್ಕೊಂಡು ಹೋದವರು ಹ್ಯಾಂಗ ಹೊಂದಿಸಿದ್ರಿ ಹೇಳ್ರಿ. ಬಳಸಿದ ಸೂಜಿ ದಾರ್ಯಾಗ ಯಾವುದರಾಗ ಇಟ್ಟಿದ್ರಿ ಅನ್ನೋದೂ ಬೇಕು. ಮುಂದಿನ ವಾರ ಡಾಕ್ಟರ್ ಭೇಟಿ ಅದ, ಅದಕ್ಕ ಮೊದಲ ತಿಳಿಸಿದ್ರ ಭಾಳ ಉಪಕಾರ ಆಗ್ತದ.