ಚಂದಾ ಮುಗಿದ ದಿನದಿಂದ ಸಿನಿಮಾ ಆ್ಯಪ್ ನಡೆಯುತ್ತಿಲ್ಲ, ದುಡ್ಡು ಕೊಟ್ಟು ಕೊಂಡ ಆಟಕ್ಕೂ ಬೀಗ: ನವೀಕರಿಸಿದರೆ ಎಲ್ಲವೂ ಸರಿಹೋಗುತ್ತದೆಯೇ?

ಹಜಾರದ ಪರದೆ (ಪ್ರಶ್ನೆ)

ನಮ್ಮ ಮನೆಯ ಟಿವಿ ಹಳೆಯದು, ಅದರಲ್ಲಿ ಯಾವ ಆ್ಯಪ್ ಕೂಡ ಇಲ್ಲ. ಆದ್ದರಿಂದ ನಾಲ್ಕು ವರ್ಷಗಳಿಂದ ಮನೆಯ ಮನರಂಜನೆಗೆಲ್ಲ ಒಂದು ಗೇಮ್ ಕನ್ಸೋಲೇ ಆಧಾರ. ತಂಗಿ ಆಡುವುದೂ ಅದರಲ್ಲಿಯೇ, ಅಪ್ಪ ಅಮ್ಮ ಊಟವಾದ ಮೇಲೆ ಸಿನಿಮಾ ನೋಡುವುದೂ ಅದರಲ್ಲಿಯೇ, ನಾನು ಹಾಡು ಕೇಳುವುದೂ ಅದರಲ್ಲಿಯೇ. ಆನ್‌ಲೈನ್ ಚಂದಾ ಅಣ್ಣನ ಖಾತೆಯಲ್ಲಿತ್ತು. ಕೆಲಸ ಸಿಕ್ಕಿ ಬೇರೆಡೆಗೆ ಹೋದ ಅಣ್ಣ ಕಳೆದ ತಿಂಗಳು ಅಲ್ಲಿ ಇದೇ ಬಗೆಯ ಇನ್ನೊಂದು ಕನ್ಸೋಲ್ ಕೊಂಡಿದ್ದಾನೆ. ಶನಿವಾರ ಅವನ ಚಂದಾ ಮುಗಿಯಿತು, ಅವನು ನವೀಕರಿಸಲಿಲ್ಲ.

ಭಾನುವಾರದಿಂದ ಮೂರು ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಮೊದಲನೆಯದು, ಸಿನಿಮಾ ನೋಡುವ ಯಾವ ಆ್ಯಪ್ ತೆರೆದರೂ ಲಾಂಛನ ಮೂಡಿ, ಪರದೆ ಒಂದು ಕ್ಷಣ ಕಪ್ಪಾಗಿ, ದೃಶ್ಯವನ್ನು ತೋರಿಸಲಾಗುವುದಿಲ್ಲ ಎಂಬ ಸಂದೇಶ ಬರುತ್ತದೆ. ಆ ಆ್ಯಪ್‌ಗಳ ಚಂದಾ ಬೇರೆ, ಅದನ್ನು ಅಪ್ಪ ಪ್ರತಿ ತಿಂಗಳು ಕಟ್ಟುತ್ತಿದ್ದಾರೆ. ಎರಡನೆಯದು, ತಂಗಿ ಆಡುವ ಕೃಷಿಯ ಆಟದ ಚಿತ್ರದ ಮೂಲೆಯಲ್ಲಿ ಸಣ್ಣ ಬೀಗದ ಗುರುತು ಬಂದಿದೆ. ಅದು ಚಂದಾದೊಂದಿಗೆ ಬಂದ ಆಟವಲ್ಲ, ಅಣ್ಣ ಎರಡು ವರ್ಷದ ಹಿಂದೆ ಪೂರ್ತಿ ಬೆಲೆ ಕೊಟ್ಟು ತನ್ನ ಖಾತೆಯಲ್ಲಿ ಕೊಂಡದ್ದು. ಮೂರನೆಯದು, ನಾನು ಗೆಳೆಯರೊಂದಿಗೆ ಆಡುವ ಫುಟ್‌ಬಾಲ್ ಆಟ ಆನ್‌ಲೈನ್ ಪಂದ್ಯಕ್ಕೆ ಹೋದೊಡನೆ ಚಂದಾ ಕೇಳುತ್ತದೆ.

ರೌಟರನ್ನು ಆರಿಸಿ ಹಚ್ಚಿದ್ದೇನೆ, ಆ್ಯಪ್‌ಗಳನ್ನು ಅಳಿಸಿ ಮತ್ತೆ ಹಾಕಿದ್ದೇನೆ, ಎಚ್‌ಡಿಎಂಐ ಕೇಬಲನ್ನೂ ಬದಲಿಸಿದ್ದೇನೆ. ಇಂದು ರಾತ್ರಿ ಕನ್ಸೋಲನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಒಂದು ವರ್ಷದ ಚಂದಾವನ್ನು ಒಮ್ಮೆಗೇ ಕಟ್ಟಿಬಿಡೋಣ ಎಂದುಕೊಂಡಿದ್ದೇನೆ. ಇದು ಸರಿಯಾದ ದಾರಿಯೇ?

ಎರಡನೇ ಕಂಟ್ರೋಲರ್

ಚಂದಾ ಮುಗಿದ ಮರುದಿನವೇ ಎಲ್ಲವೂ ನಿಂತಿರುವುದರಿಂದ ಕಾರಣ ಚಂದಾವೇ ಇರಬೇಕು. ಮೊದಲು ನವೀಕರಿಸಿ. ಆಮೇಲೂ ಸರಿಹೋಗದಿದ್ದರೆ ರೀಸೆಟ್ ಮಾಡಿ, ನನಗೆ ಒಮ್ಮೆ ಅದರಿಂದ ಪರಿಹಾರ ಸಿಕ್ಕಿತ್ತು.

ಹಳೆಯ ಮೆಮೊರಿ ಕಾರ್ಡ್

ದಯವಿಟ್ಟು ರೀಸೆಟ್ ಮಾಡಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ನೋಡಬಹುದು, ಆದರೆ ಕನ್ಸೋಲಿನಲ್ಲಿರುವುದನ್ನೆಲ್ಲ ಅಳಿಸಿಹಾಕುವ ಈ ಒಂದು ಹೆಜ್ಜೆಯನ್ನು ಇಟ್ಟ ಮೇಲೆ ಹಿಂದೆ ಬರಲಾಗುವುದಿಲ್ಲ. ನಿಮ್ಮ ತಂಗಿಯ ಆಟದ ಪ್ರಗತಿ ಕನ್ಸೋಲಿನೊಳಗಿನ ಸಂಗ್ರಹದಲ್ಲಿ ಅವಳ ಪ್ರೊಫೈಲ್‌ನ ಅಡಿಯಲ್ಲಿದೆ. ಅಣ್ಣನ ಚಂದಾ ಚಾಲ್ತಿಯಲ್ಲಿದ್ದಾಗ ಅದು ಕ್ಲೌಡ್‌ಗೆ ಹೋಗಿರಬೇಕು ಎಂದು ನೀವು ಭಾವಿಸಿರಬಹುದು. ಪ್ಲೇಸ್ಟೇಷನ್ ಕನ್ಸೋಲಿನ ಚಂದಾ ಸೇವೆಯಾದ ಪ್ಲೇಸ್ಟೇಷನ್ ಪ್ಲಸ್‌ನಲ್ಲಿ ಕ್ಲೌಡ್ ಸಂಗ್ರಹ ಚಂದಾದಾರನ ಸ್ವಂತ ಖಾತೆಗೆ ಮಾತ್ರ ಸಿಗುತ್ತದೆ. ಒಬ್ಬರ ಚಂದಾದಿಂದ ಅದೇ ಕನ್ಸೋಲಿನ ಇನ್ನೊಬ್ಬರು ಆನ್‌ಲೈನ್ ಆಡಬಹುದೇ ಹೊರತು ಅವರ ಸೇವ್‌ಗಳು, ಅಂದರೆ ಆಟದ ಪ್ರಗತಿಯ ಕಡತಗಳು, ಕ್ಲೌಡ್‌ಗೆ ಏರುವುದಿಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಸೇವ್‌ಗಳ ಕ್ಲೌಡ್ ಪ್ರತಿಗೆ ಚಂದಾ ಬೇಕಿಲ್ಲ. ನಿಮ್ಮದು ಯಾವ ಕನ್ಸೋಲ್ ಎಂದು ಬರೆದಿಲ್ಲವಾದ್ದರಿಂದ ಕೆಟ್ಟ ಸಾಧ್ಯತೆಯನ್ನೇ ಹಿಡಿದು ನಡೆಯುವುದು ಕ್ಷೇಮ: ಆ ಹುಡುಗಿಯ ಹೊಲ, ಮನೆ, ದನಕರುಗಳ ಏಕೈಕ ಪ್ರತಿ ನಿಮ್ಮ ಟಿವಿಯ ಕೆಳಗಿರುವ ಆ ಪೆಟ್ಟಿಗೆಯಲ್ಲಿದೆ ಎಂದುಕೊಳ್ಳಿ.

ಚಂದಾವನ್ನೂ ಇಂದೇ ಕಟ್ಟಬೇಡಿ. ಮೂರು ತೊಂದರೆಗಳು ಒಂದೇ ದಿನ ಕಾಣಿಸಿಕೊಂಡರೆ ಒಂದೇ ಕಾರಣ ಹುಡುಕುವುದು ಸಹಜ, ಆದರೆ ಇಲ್ಲಿ ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ ಎಂದು ನನಗೆ ಅನಿಸುತ್ತಿದೆ. ಸಿನಿಮಾ ಆ್ಯಪ್‌ಗೂ ಕನ್ಸೋಲಿನ ಚಂದಾಕ್ಕೂ ಇಂದು ಸಂಬಂಧವಿಲ್ಲ. ಒಂದು ಕಾಲದಲ್ಲಿ ಇತ್ತು. ನೆಟ್‌ಫ್ಲಿಕ್ಸ್ 2008ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದಾಗ, ನೆಟ್‌ಫ್ಲಿಕ್ಸ್ ಚಂದಾದ ಜೊತೆಗೆ ಎಕ್ಸ್‌ಬಾಕ್ಸ್ ಲೈವ್ ಗೋಲ್ಡ್ ಚಂದಾ ಕೂಡ ಇದ್ದವರಿಗೆ ಮಾತ್ರ ಅದು ತೆರೆಯುತ್ತಿತ್ತು. ಆಟವಾಡದವರೂ ಸಿನಿಮಾಕ್ಕಾಗಿ ಎರಡು ಚಂದಾ ಕಟ್ಟಬೇಕಾಗಿದ್ದ ಆ ನಿಯಮವನ್ನು 2014ರ ಜೂನ್‌ನಲ್ಲಿ ತೆಗೆದುಹಾಕಲಾಯಿತು. ಪ್ಲೇಸ್ಟೇಷನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಪ್ಲಸ್ ಚಂದಾ ಬೇಕಾಗಿರಲೇ ಇಲ್ಲ. ಹಳೆಯ ನಿಯಮದ ನೆನಪು ಇನ್ನೂ ಅನೇಕರಲ್ಲಿ ಉಳಿದಿರುವುದರಿಂದಲೇ ಆ್ಯಪ್ ನಿಂತ ಕೂಡಲೇ ಎಲ್ಲರ ಬೆರಳೂ ಚಂದಾದ ಕಡೆಗೆ ಹೋಗುತ್ತದೆ.

ಈಗ ಮೂರು ಪ್ರಶ್ನೆಗಳಿಗೆ ಉತ್ತರಿಸಿ. ಹಾಡಿನ ಆ್ಯಪ್ ನಡೆಯುತ್ತಿದೆಯೇ? ಬೆಲೆಯಿಲ್ಲದೆ ಸಿಗುವ ಯಾವುದಾದರೂ ಆನ್‌ಲೈನ್ ಆಟ ಸರ್ವರ್‌ಗೆ ಸೇರುತ್ತಿದೆಯೇ? ಅಂಥ ಉಚಿತ ಆಟಗಳಿಗೆ ಎಕ್ಸ್‌ಬಾಕ್ಸ್‌ನಲ್ಲಿ 2021ರ ಏಪ್ರಿಲ್‌ನಿಂದ ಚಂದಾ ಬೇಕಿಲ್ಲ, ಪ್ಲೇಸ್ಟೇಷನ್‌ನಲ್ಲಿಯೂ ಬಹುತೇಕ ಬೇಕಾಗುವುದಿಲ್ಲ. ಆದ್ದರಿಂದ ನೆಟ್‌ವರ್ಕ್ ಚೆನ್ನಾಗಿದೆಯೇ ಎಂದು ತಿಳಿಯಲು ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಕೊನೆಯದಾಗಿ, ಕೃಷಿಯ ಆಟವನ್ನು ತಂಗಿಯ ಪ್ರೊಫೈಲ್ ಬದಲು ಅಣ್ಣನ ಪ್ರೊಫೈಲ್‌ನಿಂದ ತೆರೆದರೆ ಬೀಗ ಹೋಗುತ್ತದೆಯೇ?

ಹಜಾರದ ಪರದೆ

ರೀಸೆಟ್ ಮಾಡಿಲ್ಲ. ಕ್ಲೌಡ್‌ನ ವಿಷಯ ಓದಿ ನಿಜಕ್ಕೂ ಗಾಬರಿಯಾಯಿತು. ಆ ಆಟದಲ್ಲಿ ತಂಗಿ ನೂರ ನಲವತ್ತು ಗಂಟೆಗೂ ಹೆಚ್ಚು ಕಳೆದಿದ್ದಾಳೆ.

ಹಾಡು ಯಾವ ತೊಂದರೆಯೂ ಇಲ್ಲದೆ ಬರುತ್ತಿದೆ. ಉಚಿತ ಆಟವೊಂದನ್ನು ಇಳಿಸಿ ನೋಡಿದೆ, ತಕ್ಷಣ ಪಂದ್ಯಕ್ಕೆ ಸೇರಿಕೊಂಡಿತು. ಅಣ್ಣನಿಗೆ ಫೋನ್ ಮಾಡಿ, ಅವನ ಪ್ರೊಫೈಲ್‌ಗೆ ಲಾಗಿನ್ ಆಗಿ ನೋಡಿದಾಗ ಕೃಷಿಯ ಆಟ ತೆರೆಯಿತು. ತಂಗಿಯ ಪ್ರೊಫೈಲ್‌ಗೆ ಮರಳಿದರೆ ಮತ್ತೆ ಬೀಗ. ಚಂದಾ ಮುಗಿದಿದ್ದರೂ ಅವನಿಗೆ ಹೇಗೆ ತೆರೆಯಿತು ಎಂಬುದು ನನಗೆ ಅರ್ಥವಾಗಲಿಲ್ಲ.

ಹಳೆಯ ಮೆಮೊರಿ ಕಾರ್ಡ್

ಎರಡನೆಯ ತೊಂದರೆಯ ಉತ್ತರ ನಿಮ್ಮ ಆ ಕೊನೆಯ ಸಾಲಿನಲ್ಲಿಯೇ ಇದೆ. ದುಡ್ಡು ಕೊಟ್ಟು ಕೊಂಡ ಆಟದ ಪರವಾನಗಿ ಕೊಂಡವನ ಖಾತೆಗೆ ಸೇರಿದ್ದು, ಚಂದಾ ಇದ್ದರೂ ಇಲ್ಲದಿದ್ದರೂ ಅದು ಅವನದೇ. ಮನೆಯ ಉಳಿದವರು ತಮ್ಮ ಪ್ರೊಫೈಲ್‌ನಿಂದ ಅದನ್ನು ಆಡಬೇಕಾದರೆ ಆ ಕನ್ಸೋಲ್ ಅವನ ಖಾತೆಯ ಮುಖ್ಯ ಕನ್ಸೋಲ್ ಆಗಿರಬೇಕು. ಪ್ಲೇಸ್ಟೇಷನ್ 5ರಲ್ಲಿ ಇದನ್ನು ಕನ್ಸೋಲ್ ಶೇರಿಂಗ್ ಮತ್ತು ಆಫ್‌ಲೈನ್ ಪ್ಲೇ ಎನ್ನುತ್ತಾರೆ, ಎಕ್ಸ್‌ಬಾಕ್ಸ್‌ನಲ್ಲಿ ಹೋಮ್ ಎಕ್ಸ್‌ಬಾಕ್ಸ್ ಎನ್ನುತ್ತಾರೆ. ಒಂದು ಖಾತೆಗೆ ಒಂದು ಸಮಯದಲ್ಲಿ ಇಂಥ ಒಂದೇ ಕನ್ಸೋಲ್. ಅಣ್ಣ ಹೊಸ ಕನ್ಸೋಲಿನಲ್ಲಿ ಈ ಆಯ್ಕೆಯನ್ನು ಒಪ್ಪಿಕೊಂಡ ಕ್ಷಣ ನಿಮ್ಮ ಮನೆಯ ಕನ್ಸೋಲ್ ಆ ಸ್ಥಾನವನ್ನು ಕಳೆದುಕೊಂಡಿದೆ. ಅವನು ಬೇಕೆಂದು ಮಾಡಿದ್ದಲ್ಲ: ಹೊಸ ಕನ್ಸೋಲಿಗೆ ಮೊದಲ ಸಲ ಲಾಗಿನ್ ಆಗುವಾಗ ಬರುವ ಪ್ರಶ್ನೆಗೆ ಬಹಳಷ್ಟು ಜನ ಓದದೆಯೇ ಹೌದು ಎಂದು ಒತ್ತಿ ಮುಂದೆ ಹೋಗುತ್ತಾರೆ.

ಇದಕ್ಕೆ ಚಂದಾ ಕಟ್ಟಿದರೆ ಏನೂ ಪ್ರಯೋಜನವಾಗುತ್ತಿರಲಿಲ್ಲ. ಪರಿಹಾರ ಇಷ್ಟೇ: ಅಣ್ಣ ತನ್ನ ಕನ್ಸೋಲಿನಲ್ಲಿ ಆ ಆಯ್ಕೆಯನ್ನು ಆಫ್ ಮಾಡಲಿ, ಆಮೇಲೆ ಅವನ ಪ್ರೊಫೈಲ್‌ನಿಂದ ನಿಮ್ಮ ಕನ್ಸೋಲಿನಲ್ಲಿ ಆನ್ ಮಾಡಿ. ಅವನು ತನ್ನ ಕನ್ಸೋಲಿನಲ್ಲಿ ಸ್ವಂತ ಪ್ರೊಫೈಲ್‌ನಿಂದ ಆಡುತ್ತಾನಾದ್ದರಿಂದ ಇಂಟರ್ನೆಟ್ ಇರುವಷ್ಟು ಕಾಲ ಅವನಿಗೆ ತೊಂದರೆಯಾಗುವುದಿಲ್ಲ. ಪ್ಲೇಸ್ಟೇಷನ್ 5ರಲ್ಲಿ ಈ ಆಯ್ಕೆ ಸೆಟ್ಟಿಂಗ್ಸ್‌ನ ಬಳಕೆದಾರರು ಮತ್ತು ಖಾತೆಗಳು ವಿಭಾಗದಲ್ಲಿ, ಇತರೆ ಎಂಬುದರ ಕೆಳಗಿದೆ. ಬೀಗ ಆಮೇಲೂ ಉಳಿದರೆ ಅಲ್ಲಿಯೇ ಇರುವ ಪರವಾನಗಿಗಳನ್ನು ಮರುಸ್ಥಾಪಿಸು ಎಂಬ ಆಯ್ಕೆಯನ್ನು ಒತ್ತಿ. ಎಕ್ಸ್‌ಬಾಕ್ಸ್ ಆದರೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದ ಪರ್ಸನಲೈಸೇಶನ್‌ನಲ್ಲಿ ನೋಡಿ, ಆದರೆ ಅಲ್ಲಿ ವರ್ಷಕ್ಕೆ 5 ಸಲ ಮಾತ್ರ ಬದಲಿಸಬಹುದು ಎಂಬುದು ನೆನಪಿರಲಿ.

ಸಿನಿಮಾದ ವಿಷಯ ನನ್ನನ್ನು ಇನ್ನೂ ಕಾಡುತ್ತಿದೆ. ಹಾಡು ಬರುತ್ತದೆ, ಸರ್ವರ್ ಸಿಗುತ್ತದೆ, ದೃಶ್ಯ ಮಾತ್ರ ಇಲ್ಲ, ಅದೂ ಒಂದು ಆ್ಯಪ್‌ನಲ್ಲಲ್ಲ, ಎಲ್ಲದರಲ್ಲಿಯೂ.

ನೀಲಿ ಕೇಬಲ್

ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ, ಈ ಲಕ್ಷಣವನ್ನು ನಾನು ಮೊದಲೂ ನೋಡಿದ್ದೇನೆ. ಶನಿವಾರ ಅಥವಾ ಭಾನುವಾರ ಯಾರಾದರೂ ಕನ್ಸೋಲಿನ ಆಟವನ್ನು ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿದರೇ? ಕ್ಯಾಪ್ಚರ್ ಕಾರ್ಡ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಕನ್ಸೋಲ್ ಮತ್ತು ಟಿವಿಯ ನಡುವೆ ಜೋಡಿಸಿದ್ದರೇ?

ಕೇಳಲು ಕಾರಣವಿದೆ. ಕನ್ಸೋಲಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ಸಂಕೇತವನ್ನು ಎಚ್‌ಡಿಸಿಪಿ ಎಂಬ ವ್ಯವಸ್ಥೆ ಗೂಢಲಿಪಿಗೆ ಬದಲಿಸಿ ಕಳುಹಿಸುತ್ತದೆ. ನಡುವೆ ಯಾರೂ ಸಿನಿಮಾವನ್ನು ನಕಲು ಮಾಡಿಕೊಳ್ಳಬಾರದು ಎಂಬುದು ಇದರ ಉದ್ದೇಶ. ಕನ್ಸೋಲೂ ಟಿವಿಯೂ ಮೊದಲು ಪರಸ್ಪರ ಗುರುತು ಹಿಡಿದುಕೊಳ್ಳುತ್ತವೆ, ಆಮೇಲೆಯೇ ಚಿತ್ರ ಹರಿಯುತ್ತದೆ. ಕ್ಯಾಪ್ಚರ್ ಕಾರ್ಡ್‌ಗೆ ಈ ರಕ್ಷಿತ ಸಂಕೇತವನ್ನು ರೆಕಾರ್ಡ್ ಮಾಡಲಾಗದು. ಆದ್ದರಿಂದ ಆಟವನ್ನು ರೆಕಾರ್ಡ್ ಮಾಡುವವರು ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಸಿಪಿಯನ್ನು ಆಫ್ ಮಾಡುತ್ತಾರೆ. ಆಟಗಳಿಗೆ ಇದರಿಂದ ಯಾವ ಅಡ್ಡಿಯೂ ಇಲ್ಲ, ಆದರೆ ಸಿನಿಮಾ ಆ್ಯಪ್‌ಗಳೂ ಬ್ಲೂ-ರೇ ಡಿಸ್ಕ್‌ಗಳೂ ಎಚ್‌ಡಿಸಿಪಿ ಇಲ್ಲದೆ ದೃಶ್ಯ ತೋರಿಸಲು ನಿರಾಕರಿಸುತ್ತವೆ. ರೆಕಾರ್ಡಿಂಗ್ ಮುಗಿದ ಮೇಲೆ ಅದನ್ನು ಮತ್ತೆ ಆನ್ ಮಾಡಲು ಮರೆತರೆ ನೀವು ವಿವರಿಸಿದ್ದೇ ಆಗುತ್ತದೆ.

ಆ ಪೆಟ್ಟಿಗೆ ಇನ್ನೂ ನಡುವೆ ಇದ್ದರೆ ಮೊದಲು ಅದನ್ನು ತೆಗೆದು ಕನ್ಸೋಲನ್ನು ನೇರವಾಗಿ ಟಿವಿಗೆ ಜೋಡಿಸಿ. ಬಳಿಕ ಎಚ್‌ಡಿಸಿಪಿಯನ್ನು ಆನ್ ಮಾಡಿ. ಪ್ಲೇಸ್ಟೇಷನ್ 5ರಲ್ಲಿ ಅದು ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಎಚ್‌ಡಿಎಂಐ ಕೆಳಗೆ ಸಿಗುತ್ತದೆ. ಪರದೆ ಒಂದೆರಡು ಕ್ಷಣ ಕಪ್ಪಾಗಬಹುದು, ಹೆದರಬೇಡಿ.

ಹಜಾರದ ಪರದೆ

ಶನಿವಾರ ಸಂಜೆ ಚಿಕ್ಕಪ್ಪನ ಮಗ ಬಂದಿದ್ದ. ತನ್ನ ಆಟವನ್ನು ರೆಕಾರ್ಡ್ ಮಾಡಿಕೊಳ್ಳಬೇಕೆಂದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದನ್ನು ತಂದಿದ್ದ. ಹೋಗುವಾಗ ಪೆಟ್ಟಿಗೆಯನ್ನು ತೆಗೆದುಕೊಂಡು ಹೋದ, ಕೇಬಲನ್ನೂ ಮೊದಲಿನಂತೆಯೇ ಜೋಡಿಸಿದ್ದ. ಸೆಟ್ಟಿಂಗ್ಸ್‌ನಲ್ಲಿ ಏನನ್ನಾದರೂ ಬದಲಿಸಿದ್ದಾನೆ ಎಂಬುದು ನನಗೆ ಹೊಳೆಯಲೇ ಇಲ್ಲ. ಈಗ ನೋಡಿದರೆ ಎಚ್‌ಡಿಸಿಪಿ ಆಫ್ ಆಗಿತ್ತು. ಆನ್ ಮಾಡಿದೆ, ಪರದೆ ಒಮ್ಮೆ ಕಪ್ಪಾಗಿ ಮರಳಿತು, ಆಮೇಲೆ ಮೊದಲ ಆ್ಯಪ್‌ನಲ್ಲಿಯೇ ಸಿನಿಮಾ ಶುರುವಾಯಿತು. ಅಪ್ಪ ಅಮ್ಮ ಭಾನುವಾರ ಅರ್ಧಕ್ಕೆ ಬಿಟ್ಟದ್ದನ್ನು ಈಗ ನೋಡುತ್ತಿದ್ದಾರೆ. ನಿಮ್ಮಿಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಅಣ್ಣನೂ ತನ್ನ ಕಡೆಯ ಆಯ್ಕೆಯನ್ನು ಆಫ್ ಮಾಡಿದ, ಇಲ್ಲಿ ಆನ್ ಮಾಡಿದೆವು. ಬೀಗ ತಕ್ಷಣ ಹೋಗಲಿಲ್ಲ, ಪರವಾನಗಿಗಳನ್ನು ಮರುಸ್ಥಾಪಿಸಿದ ಮೇಲೆ ಹೋಯಿತು. ತಂಗಿಯ ಹೊಲದಲ್ಲಿ ಅವಳು ಬಿಟ್ಟಲ್ಲಿಯೇ ಕುಂಬಳಕಾಯಿಗಳು ಕಾಯುತ್ತಿದ್ದವು.

ಉಳಿದಿರುವುದು ನನ್ನ ಫುಟ್‌ಬಾಲ್ ಪಂದ್ಯ ಮಾತ್ರ. ಅದಕ್ಕೆ ಚಂದಾ ಬೇಕೇ ಬೇಕು ಅಲ್ಲವೇ? ಅಣ್ಣ ನವೀಕರಿಸಬೇಕೋ ನಾನು ಹೊಸದಾಗಿ ಕಟ್ಟಬೇಕೋ?

ಎರಡನೇ ಕಂಟ್ರೋಲರ್

ನನ್ನ ಮೊದಲ ಸಲಹೆ ತಪ್ಪಾಗಿತ್ತು. ರೀಸೆಟ್ ಮಾಡದೆ ತಡೆದದ್ದು ಒಳ್ಳೆಯದಾಯಿತು. ಕ್ಲೌಡ್ ಸಂಗ್ರಹ ಚಂದಾದಾರರಿಗೆ ಮಾತ್ರ ಎಂಬುದನ್ನು ನಾನು ತಿಳಿದಿರಲಿಲ್ಲ, ನಮ್ಮ ಮನೆಯಲ್ಲಿಯೂ ಮೂವರು ಒಂದೇ ಚಂದಾದಲ್ಲಿ ಆಡುತ್ತೇವೆ.

ಹಳೆಯ ಮೆಮೊರಿ ಕಾರ್ಡ್

ಹೌದು, ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಇತರರೊಂದಿಗೆ ಆಡಲು ಚಂದಾ ಬೇಕು. ಎಕ್ಸ್‌ಬಾಕ್ಸ್‌ನಲ್ಲಿ 2002ರಲ್ಲಿ ಲೈವ್ ಸೇವೆ ಆರಂಭವಾದಾಗಿನಿಂದಲೂ ಹೀಗೆಯೇ. ಪ್ಲೇಸ್ಟೇಷನ್ 3ರಲ್ಲಿ ಆನ್‌ಲೈನ್ ಆಟ ಉಚಿತವಾಗಿತ್ತು, 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ ಅಲ್ಲಿಯೂ ಚಂದಾ ಬೇಕಾಯಿತು. ನಿಂಟೆಂಡೊ ಸ್ವಿಚ್ 2018ರ ಸೆಪ್ಟೆಂಬರ್‌ನಲ್ಲಿ ಅದೇ ದಾರಿ ಹಿಡಿಯಿತು.

ಯಾರು ಕಟ್ಟಬೇಕು ಎಂಬುದನ್ನು ಎರಡು ವಿಷಯ ನೋಡಿ ತೀರ್ಮಾನಿಸಿ. ಅಣ್ಣನೂ ತನ್ನ ಕಡೆ ಆನ್‌ಲೈನ್ ಆಡುವುದಾದರೆ ಅವನೇ ನವೀಕರಿಸುವುದು ಲಾಭ. ಈಗ ನಿಮ್ಮ ಕನ್ಸೋಲ್ ಮತ್ತೆ ಅವನ ಖಾತೆಯ ಮುಖ್ಯ ಕನ್ಸೋಲ್ ಆಗಿರುವುದರಿಂದ ಅದೇ ಚಂದಾದಲ್ಲಿ ನೀವೂ ಆಡಬಹುದು, ಹಿಂದೆ ಚಂದಾದೊಂದಿಗೆ ತಿಂಗಳ ಆಟಗಳೆಂದು ಸಿಕ್ಕಿ ಅವನ ಖಾತೆಗೆ ಸೇರಿಸಿಕೊಂಡವೂ ಮತ್ತೆ ತೆರೆಯುತ್ತವೆ. ನೀವು ಸ್ವಂತ ಖಾತೆಯಲ್ಲಿ ಕಟ್ಟಿದರೆ ಆ ಹಳೆಯ ಆಟಗಳು ನಿಮಗೆ ಬರುವುದಿಲ್ಲ, ಯಾಕೆಂದರೆ ಅವು ಅವನ ಖಾತೆ ಮತ್ತು ಅವನ ಚಂದಾ ಎರಡನ್ನೂ ಅವಲಂಬಿಸಿವೆ. ಅವನು ಆನ್‌ಲೈನ್ ಆಡುವುದಿಲ್ಲವಾದರೆ, ನನ್ನ ಮಟ್ಟಿಗೆ ಹೇಳುವುದಾದರೆ, ತಂಗಿಯ ಖಾತೆಯಲ್ಲಿ ಕಟ್ಟಿ, ಈ ಕನ್ಸೋಲಿನಲ್ಲಿ ಅವಳ ಖಾತೆಗೂ ಶೇರಿಂಗ್ ಆಯ್ಕೆಯನ್ನು ಆನ್ ಮಾಡಿ. ಒಂದೇ ಕನ್ಸೋಲಿನಲ್ಲಿ ಬೇರೆ ಬೇರೆ ಖಾತೆಗಳು ಆ ಆಯ್ಕೆಯನ್ನು ಇಟ್ಟುಕೊಳ್ಳಬಹುದು. ಆಗ ನಿಮ್ಮ ಪಂದ್ಯವೂ ನಡೆಯುತ್ತದೆ, ಅವಳ ನೂರ ನಲವತ್ತು ಗಂಟೆಗಳೂ ಮೊದಲ ಬಾರಿಗೆ ಕ್ಲೌಡ್‌ಗೆ ಏರುತ್ತವೆ. ಪ್ಲೇಸ್ಟೇಷನ್ 5ರ ಆಟಗಳ ಸೇವ್ ಕಡತವನ್ನು ಬಿಡಿಯಾಗಿ ಯುಎಸ್‌ಬಿ ಡ್ರೈವ್‌ಗೆ ನಕಲಿಸುವ ಅನುಕೂಲವಿಲ್ಲ, ಪ್ಲೇಸ್ಟೇಷನ್ 4ರ ಆಟಗಳಿಗೆ ಮಾತ್ರ ಅದು ಇದೆ. ಒಂದೇ ಪೆಟ್ಟಿಗೆಯ ಮೇಲೆ ಇಡೀ ಮನೆ ಅವಲಂಬಿಸಿರುವಾಗ ಆ ಕ್ಲೌಡ್ ಪ್ರತಿ ಬಹಳ ದೊಡ್ಡದು ಎಂದು ನಾನು ಭಾವಿಸುತ್ತೇನೆ.

ಮೊದಲಿಗೆ ಒಂದು ತಿಂಗಳಿಗೆ ಮಾತ್ರ ಕಟ್ಟಿ. ಅಪ್‌ಲೋಡ್ ಆದ ಮೇಲೆ ಸೇವ್‌ಗಳ ಪಟ್ಟಿಯಲ್ಲಿ ಅವಳ ಹೊಲದ ಹೆಸರೂ ದಿನಾಂಕವೂ ಕಾಣುತ್ತಿವೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ವರ್ಷದ ಯೋಚನೆ ಮಾಡಿ.

ಹಜಾರದ ಪರದೆ

ಅಣ್ಣನಿಗೆ ಆನ್‌ಲೈನ್ ಆಡಲು ಈಗ ಬಿಡುವಿಲ್ಲವಂತೆ. ತಂಗಿಯ ಖಾತೆಯಲ್ಲಿ ಒಂದು ತಿಂಗಳಿಗೆ ಕಟ್ಟಿದೆವು. ಪಟ್ಟಿಯಲ್ಲಿ ಅವಳ ಹೊಲ ಇಂದಿನ ದಿನಾಂಕದೊಂದಿಗೆ ಕಾಣುತ್ತಿದೆ, ಅವಳು ಅದನ್ನು ಎರಡು ಸಲ ತೆರೆಸಿ ನೋಡಿದಳು.