ಡ್ಯಾಂಪಿಂಗ್‌ಗೆ 'ಅವಮಂದನ' ಸರಿಯೇ? 'ಇಂಗು' ಆಗಬಹುದೇ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕಾಗಿದೆ.

ಪಂಪು, ಮೋಟಾರುಗಳ ರಿಪೇರಿ ಕಲಿಯುವ ಹುಡುಗರಿಗೆ ನಾನು ಕನ್ನಡದಲ್ಲಿ ಪಾಠ ಮಾಡುತ್ತೇನೆ. ಈಗ ವೈಬ್ರೇಷನ್ ಪಾಠ ನಡೆಯುತ್ತಿದೆ. ಪುಸ್ತಕದಲ್ಲಿ ಅದಕ್ಕೆ 'ಕಂಪನ' ಅಂತಿದೆ. ಹುಡುಗರು 'ಅದುರು' ಅಂತಾರೆ. ಎರಡೂ ನಡೆಯುತ್ತವೆ, ಯಾರಿಗೂ ಗೊಂದಲವಿಲ್ಲ. ಫ್ರೀಕ್ವೆನ್ಸಿಗೆ 'ಆವರ್ತನ' ಅಂದೆ, ಸೆಕೆಂಡಿಗೆ ಎಷ್ಟು ಸಲ ಅಂತ ಬಿಡಿಸಿ ಹೇಳಿದೆ, ಅದೂ ಆಯಿತು. ಸಿಕ್ಕಿಹಾಕಿಕೊಂಡದ್ದು ಡ್ಯಾಂಪಿಂಗ್ ಹತ್ತಿರ, ಅಂದರೆ ಅದುರಿನ ಶಕ್ತಿಯನ್ನು ಹೀರಿ ಅಲುಗಾಟವನ್ನು ಸಣ್ಣದಾಗಿಸುವುದು.

ಪುಸ್ತಕಗಳಲ್ಲಿ ಇದಕ್ಕೆ 'ಅವಮಂದನ' ಎಂದಿದೆ. ನಾನೂ ಅದನ್ನೇ ಹೇಳಿಕೊಟ್ಟೆ. ವಾರದ ಟೆಸ್ಟಿನಲ್ಲಿ ಒಬ್ಬ ಬರೆದ: 'ಅವಮಂದನ ಜಾಸ್ತಿ ಮಾಡಿದರೆ ಮೋಟಾರು ನಿಧಾನವಾಗಿ ತಿರುಗುತ್ತದೆ.' ಇನ್ನಿಬ್ಬರು 'ಅದುರುವ ವೇಗ ಇಳಿಯುತ್ತದೆ' ಎಂದು ಬರೆದಿದ್ದರು. ತಪ್ಪು ಗುರುತು ಹಾಕಲು ಹೋದ ಕೈ ಅಲ್ಲೇ ನಿಂತಿತು. ಮಂದಗತಿ ಅಂದರೆ ನಿಧಾನ ತಾನೇ? 'ಮಂದ ಬೆಳಕು' ಅಂತಲೂ ಅನ್ನುತ್ತೇವೆ, ಅಲ್ಲಿ ಕಡಿಮೆ ಅನ್ನುವ ಅರ್ಥವಿದೆ, ನಿಜ. ಆದರೆ ತಿರುಗುವ, ಓಡುವ ವಸ್ತುವಿನ ಪಕ್ಕ ಈ ಪದ ಬಂದರೆ ಕಿವಿಗೆ ಕೇಳಿಸೋದು ನಿಧಾನ ಅಂತಲೇ. ಹುಡುಗರು ಪದವನ್ನು ನಂಬಿ ಅರ್ಥ ಮಾಡಿಕೊಂಡಿದ್ದಾರೆ.

ನಿಜವಾಗಿ ಆಗುವುದೇನು? ನಿಮಿಷಕ್ಕೆ 1440 ಸುತ್ತಿನ ಮೋಟಾರು ಅಂದರೆ ಸೆಕೆಂಡಿಗೆ 24 ಸುತ್ತು. ರೋಟರಿನ ತೂಕ ಒಂದು ಕಡೆಗೆ ಜಾಸ್ತಿ ಇದ್ದರೆ ಅದು ಸೆಕೆಂಡಿಗೆ 24 ಸಲ ಅದುರಿಸುತ್ತದೆ. ಕೆಳಗೆ ಏನೇ ಕೂರಿಸಿ, ಆ 24 ಎಂಬುದು 23 ಆಗುವುದಿಲ್ಲ. ಇಳಿಯುವುದು ಪ್ರತಿ ಸಲ ಎಷ್ಟು ದೂರ ಅಲುಗುತ್ತದೆ ಅನ್ನುವ ಅಳತೆ. ಅದೂ ಮುಖ್ಯವಾಗಿ, ಮೋಟಾರು ಕೂತ ಚೌಕಟ್ಟಿನ ಸಹಜ ಆವರ್ತನ (ತಟ್ಟಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೋ ಅದು) 24ರ ಹತ್ತಿರ ಇದ್ದಾಗ.

ಒಮ್ಮೆ ಎಳೆದು ಬಿಟ್ಟ ಸ್ಪ್ರಿಂಗಿನಲ್ಲಿ ಲೆಕ್ಕ ಇನ್ನೂ ಚೆನ್ನಾಗಿ ಕಾಣುತ್ತದೆ. ಅದು ಒಂದು ಸಲವೂ ಆಚೆಗೆ ದಾಟದೆ ಸುಮ್ನೆ ಬಂದು ನಿಲ್ಲಲು ಬೇಕಾದಷ್ಟು ಡ್ಯಾಂಪಿಂಗ್ ಇರುತ್ತದಲ್ಲ, ಅದರ ಹತ್ತನೇ ಒಂದು ಪಾಲು ಮಾತ್ರ ಇದೆ ಅಂದುಕೊಳ್ಳಿ. ಆಗ ಒಂದೊಂದು ಸುತ್ತಿಗೂ (ಆಚೆ ಹೋಗಿ ಮರಳಿ ಬಂದರೆ ಒಂದು ಸುತ್ತು) ಓಲಾಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. 5 ಸುತ್ತು ಕಳೆಯುವಷ್ಟರಲ್ಲಿ 100ರಲ್ಲಿ 4 ಪಾಲು ಉಳಿದಿರುತ್ತದೆ ಅಷ್ಟೆ. ಆವರ್ತನ ಇಳಿಯುವುದು ಎಷ್ಟು ಗೊತ್ತಾ? ಶೇಕಡಾ ಅರ್ಧ! 'ಮಂದ' ಎಂಬ ಪದ ಈ ಅರ್ಧ ಪರ್ಸೆಂಟನ್ನು ಮುಂದೆ ತಂದು ನಿಲ್ಲಿಸುತ್ತದೆ, ದೊಡ್ಡ ಸಂಗತಿಯನ್ನು ಮುಚ್ಚಿಡುತ್ತದೆ.

ಮರುದಿನ ಮನೆಯಿಂದ ಪೂಜೆಯ ಗಂಟೆ ತಗೊಂಡು ಹೋದೆ. ಬಾರಿಸಿ ಬಿಟ್ಟಾಗ ನಾದ ತುಂಬಾ ಹೊತ್ತು ಎಳೆಯಿತು. ಇನ್ನೊಮ್ಮೆ ಬಾರಿಸಿ, ಅಂಚಿಗೆ ಒದ್ದೆ ಬಟ್ಟೆ ತಾಗಿಸಿದೆ. ಥಟ್ಟನೆ ನಿಂತಿತು. 'ನಿಲ್ಲುವ ಮುಂಚೆ ಶ್ರುತಿ ಕೆಳಗೆ ಇಳಿಯಿತಾ?' ಅಂತ ಕೇಳಿದೆ. 'ಇಲ್ಲ ಸಾರ್, ಅದೇ ಶ್ರುತಿ. ಸದ್ದು ಬಟ್ಟೆಯೊಳಗೆ ಇಂಗಿಹೋಯ್ತು' ಅಂದ ಹಿಂದಿನ ಬೆಂಚಿನ ಹುಡುಗ.

ಇಂಗಿಹೋಯ್ತು! ಎರಡು ವಾರದಿಂದ ಈ ಪದ ನನ್ನ ತಲೆಯಿಂದ ಹೋಗಿಲ್ಲ.

ನೀರು ನೆಲಕ್ಕೆ ಇಂಗುತ್ತದೆ. ಎಲ್ಲೂ ಮಾಯವಾಗಲ್ಲ, ಒಳಗೆ ಸೇರುತ್ತದೆ. ಡ್ಯಾಂಪಿಂಗ್‌ನಲ್ಲಿ ಆಗುವುದೂ ಇದೇ. ಅದುರಿನ ಶಕ್ತಿ ರಬ್ಬರಿನ, ಎಣ್ಣೆಯ, ಲೋಹದ ಒಳಗೆ ಸೇರಿ ಬಿಸಿಯಾಗುತ್ತದೆ. ಬೈಕಿನ ಶಾಕ್ ಅಬ್ಸಾರ್ಬರನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿದ ಮೇಲೆ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಲೇತಿನ, ಅಂದರೆ ಲೋಹ ಕಡೆಯುವ ಯಂತ್ರದ, ಬೆಡ್ಡನ್ನು (ತಳದ ಚೌಕಟ್ಟನ್ನು) ಬೀಡು ಕಬ್ಬಿಣದಲ್ಲಿ ಎರಕ ಹೊಯ್ಯುವುದಕ್ಕೆ ಒಂದು ಕಾರಣ ಇದೇ. ಅದರೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಪದರಗಳಿವೆ, ಅದುರು ಅಲ್ಲಿ ಇಂಗುತ್ತದೆ. ಉಕ್ಕಿನಲ್ಲಿ ಅಷ್ಟು ಇಂಗಲ್ಲ, ಅದಕ್ಕೇ ಉಕ್ಕು ಕಣಕಣ ಅನ್ನುತ್ತದೆ, ಬೀಡು ಡಬ್ ಅನ್ನುತ್ತದೆ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್‌ನಲ್ಲಿ ತೆರೆದಾಗ ಜನರ ನಡಿಗೆಗೇ ಪಕ್ಕಕ್ಕೆ ಓಲಾಡಿ, ಎರಡೇ ದಿನಕ್ಕೆ ಮುಚ್ಚಬೇಕಾಯಿತು. ಆಮೇಲೆ ದ್ರವ ತುಂಬಿದ 37 ಡ್ಯಾಂಪರುಗಳನ್ನೂ ತೂಕದ ಡ್ಯಾಂಪರುಗಳನ್ನೂ ಹಾಕಿ 2002ರಲ್ಲಿ ಮತ್ತೆ ತೆರೆದರು. ಜನ ಈಗಲೂ ಅದೇ ಹೆಜ್ಜೆ ಹಾಕುತ್ತಾರೆ. ಓಲಾಟ ಬೆಳೆಯುವ ಮೊದಲೇ ಇಂಗುತ್ತದೆ.

ಬೇರೆ ಪದಗಳನ್ನೂ ಯೋಚಿಸಿದೆ. 'ಅಡಗಿಸು' ಹತ್ತಿರ ಬರುತ್ತದೆ, ಆದರೆ ಬಚ್ಚಿಡುವ ನೆರಳು ಇದೆ. 'ತಣಿಸು' ಅಂದರೆ ಕೂಲಿಂಗ್ ಅಂದುಕೊಳ್ಳುತ್ತಾರೆ, ಇಲ್ಲಿ ಆಗುವುದು ಅದರ ಉಲ್ಟಾ. ಡ್ಯಾಂಪಿಂಗ್ ಅಂತಲೇ ಬಿಡೋಣ ಅಂದರೆ, ಗೋಡೆ ಡ್ಯಾಂಪ್ ಆಗಿದೆ ಅನ್ನುವ ತೇವದ ಅರ್ಥ ಮೊದಲೇ ಮನೆಮಾತಾಗಿದೆ.

'ಇಂಗು'ವಿಗೂ ತೊಡಕು ಇದೆ. ಬರೀ 'ಇಂಗು' ಅಂದರೆ ಒಗ್ಗರಣೆ ನೆನಪಾಗುತ್ತದೆ. 'ಇಂಗಿಕೆ' ಅಂದರೆ ಆ ಗೊಂದಲ ಇರಲ್ಲ ಅನ್ನಿಸುತ್ತದೆ. 'ಇಂಗುಗುಂಡಿ' ಈಗ ಎಲ್ಲರಿಗೂ ಗೊತ್ತಿರುವ ಮಾತು, ಆ ದಾರಿಯಲ್ಲೇ ಹೋದರೆ ಕಷ್ಟವಿಲ್ಲ. ಡ್ಯಾಂಪರ್‌ಗೆ ಮಾತ್ರ ನನಗೆ ಒಳ್ಳೆಯ ಪದ ಹೊಳೆದಿಲ್ಲ. ಇನ್ನೊಂದು, ಬಾಗಿಲಿಗೆ ಹಾಕುವ ಡೋರ್ ಕ್ಲೋಸರನ್ನು ತುಂಬಾ ಬಿಗಿ ಮಾಡಿದರೆ ಬಾಗಿಲು ನಿಜವಾಗಿಯೂ ನಿಧಾನವಾಗಿ ಬರುತ್ತದೆ. ಇಂಗಿಕೆ ಮಿತಿ ಮೀರಿದಾಗ ಹೀಗೆ. ಅಲ್ಲಿ 'ಮಂದ' ಒಪ್ಪುತ್ತದೆ. ಅದೊಂದು ಸ್ಥಿತಿಯ ಹೆಸರನ್ನು ಇಡೀ ಸಂಗತಿಗೆ ಕೊಡುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಈಗ ನನ್ನ ಪ್ರಶ್ನೆಗಳು. ಸದ್ದಿಗೆ, ಅಲುಗಾಟಕ್ಕೆ 'ಇಂಗು' ಬಳಸುವುದನ್ನು ನಿಮ್ಮ ಕಡೆ ಕೇಳಿದ್ದೀರಾ? ಅಥವಾ ಆ ಹುಡುಗನ ಬಾಯಲ್ಲಿ ಸುಮ್ನೆ ಬಂದದ್ದಾ? ತೊಟ್ಟಿಲು ತೂಗಿ ಕೈಬಿಟ್ಟ ಮೇಲೆ ಅದರ ತೂಗಾಟ ಸಣ್ಣದಾಗುತ್ತಾ ಆಗುತ್ತಾ ನಿಲ್ಲುತ್ತದಲ್ವಾ, ಅದಕ್ಕೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಬರೆಯಿರಿ.