ಸಹಾಯ ಬೇಕು: ಗ್ಯಾರೇಜ್ ಗಾಡಿಗಳಿಂದ ರಸ್ತೆಯೇ ಬಂದ್

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಪಕ್ಕದ ಕಾರ್ ಗ್ಯಾರೇಜಿನ ಒಳಗೆ ಎರಡೇ ಗಾಡಿಗೆ ಜಾಗ. ಉಳಿದವು ವಾರಗಟ್ಟಲೆ ರಸ್ತೆಯಲ್ಲೇ. ಮೊನ್ನೆ ರಾತ್ರಿ ಅತ್ತೆಗೆ ಉಸಿರಾಟದ ತೊಂದರೆ ಆಯಿತು. ಆಂಬ್ಯುಲೆನ್ಸ್ ಗೇಟಿನ ತನಕ ಬರಲಾಗಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಈಗ ಹುಷಾರಾಗಿದ್ದಾರೆ, ನನ್ನ ಭಯ ಮಾತ್ರ ಹೋಗಿಲ್ಲ.

ಮಾಲೀಕರನ್ನು ಕೇಳಿದರೆ "ಲೈಸೆನ್ಸ್ ಇದೆ ಮೇಡಂ" ಎನ್ನುತ್ತಾರೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಇರುವುದು ಅಂಗಡಿಗೆ, ರಸ್ತೆಗಲ್ಲ ಅಲ್ವಾ?

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅದರ ಪ್ರತಿ ಕೇಳಬೇಕೆಂದಿದ್ದೇನೆ. 30 ದಿನದೊಳಗೆ ಉತ್ತರ ಕೊಡಲೇಬೇಕು. ಜೊತೆಗೆ ಇನ್ನೇನು ಕೇಳಲಿ? ಟ್ರಾಫಿಕ್ ಪೊಲೀಸರಿಗೆ ಫೋಟೋ ಸಮೇತ ದೂರು ಕೊಟ್ಟವರು ಇದ್ದರೆ ದಯವಿಟ್ಟು ತಿಳಿಸಿ. ಗ್ಯಾರೇಜ್ ಮುಚ್ಚಿಸಬೇಕೆಂದಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗರಿಗೂ ಹೊಟ್ಟೆಪಾಡು. ಗೇಟಿನ ಮುಂದೆ ದಾರಿ ಬಿಟ್ಟರೆ ಸಾಕು.